ಮನೆಯ ರೇಡಿಯೋದಲ್ಲಿ ಉಲ್ಕೆ ಹಿಡಿಯುವುದು ಹೇಗೆ

ಪ್ರತಿ ವರ್ಷ ಆಗಸ್ಟ್ 12, 13ರ ಸುಮಾರಿಗೆ ಪರ್ಸೀಡ್ ಉಲ್ಕಾವರ್ಷ ಬರುತ್ತದೆ. ಪತ್ರಿಕೆಯಲ್ಲಿ ಸುದ್ದಿಯೂ ಬರುತ್ತದೆ, ರಾತ್ರಿ ಎದ್ದು ಆಕಾಶ ನೋಡಿ ಅಂತ. ತೀರ್ಥಹಳ್ಳಿ ಕಡೆಯ ನಮ್ಮ ಮನೆ ಅಂಗಳದಲ್ಲಿ ನಿಂತು ತಲೆ ಎತ್ತಿದರೆ ಕಾಣುವುದು ಮೋಡ ಮಾತ್ರ. ಆಶ್ಲೇಷ ಮಳೆ ಹೊಯ್ಯುವ ದಿನಗಳು ಅವು. ಮಲೆನಾಡು, ಕರಾವಳಿಯ ಮಕ್ಕಳು ವರ್ಷದ ಅತ್ಯಂತ ಹೆಸರಾದ ಉಲ್ಕಾವರ್ಷವನ್ನು ಒಮ್ಮೆಯೂ ನೋಡದೆ ದೊಡ್ಡವರಾಗುತ್ತಾರೆ. ನಾನೂ ಹಾಗೇ ದೊಡ್ಡವನಾದೆ.

ಈಗ ನಾನಿರುವುದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ಇಲ್ಲಿಯೂ ವರ್ಷದ ಬಹುಪಾಲು ಮೋಡವೇ. ಆದರೆ ಇಲ್ಲಿಗೆ ಬಂದ ಮೇಲೆ ಒಂದು ವಿಷಯ ಗೊತ್ತಾಯಿತು. ಉಲ್ಕೆ ನೋಡೋಕೆ ಆಕಾಶ ತಿಳಿಯಾಗಿರಬೇಕಿಲ್ಲ, ರಾತ್ರಿಯೂ ಆಗಬೇಕಿಲ್ಲ. ಅಟ್ಟದಲ್ಲಿ ಒಂದು ಮೀಟರ್ ಉದ್ದದ ಆಂಟೆನಾ, ಪೆನ್‌ಡ್ರೈವ್ ಗಾತ್ರದ ಒಂದು ರೇಡಿಯೋ, ಒಂದು ಹಳೇ ಲ್ಯಾಪ್‌ಟಾಪ್ ಇದ್ದರೆ ಹಾಡಹಗಲಲ್ಲಿ, ಸುರಿಯುವ ಮಳೆಯಲ್ಲಿ ಕೂಡ ಉಲ್ಕೆಗಳನ್ನು ಎಣಿಸಬಹುದು. ಅದು ಹೇಗೆ ಸಾಧ್ಯ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ತಪ್ಪು ತಿಳಿವಳಿಕೆ. ರೇಡಿಯೋದಲ್ಲಿ ಉಲ್ಕೆ ಕೇಳಿಸಿತು ಅಂದರೆ ಉಲ್ಕೆ ತಾನೇ ಏನೋ ಸದ್ದು ಮಾಡಿತು, ಅದು ನಮಗೆ ತಲುಪಿತು ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಹಾಗಲ್ಲ. ನಮಗೆ ಕೇಳುವುದು ನೂರಾರು ಕಿಲೋಮೀಟರ್ ದೂರದ ಯಾವುದೋ ಟ್ರಾನ್ಸ್‌ಮಿಟರ್‌ನ ಸಿಗ್ನಲ್. ಆ ಸಿಗ್ನಲ್ ಮಾಮೂಲಿಯಾಗಿ ನಮ್ಮ ಮನೆಗೆ ತಲುಪುವುದೇ ಇಲ್ಲ, ಯಾಕೆಂದರೆ ಭೂಮಿ ಗುಂಡಗಿದೆ, ಟ್ರಾನ್ಸ್‌ಮಿಟರ್ ದಿಗಂತದ ಕೆಳಗೆ ಎಲ್ಲೋ ಇದೆ. ಉಲ್ಕೆ ಬಂದಾಗ ಮಾತ್ರ ಮೇಲೆ ಒಂದು ಕ್ಷಣ ಕನ್ನಡಿ ಹಿಡಿದ ಹಾಗಾಗುತ್ತದೆ. ಆ ಕನ್ನಡಿಗೆ ಬಡಿದು ಸಿಗ್ನಲ್ ನಮ್ಮ ಕಡೆ ಬಗ್ಗುತ್ತದೆ. ಕನ್ನಡಿ ಕರಗಿದ ಕೂಡಲೇ ಮತ್ತೆ ಮೌನ.

ಆ ಕನ್ನಡಿ ಆಗುವುದು ಹೇಗೆ ನೋಡೋಣ. ಉಲ್ಕೆ ಅಂದರೆ ಬಹುಪಾಲು ಮರಳಿನ ಕಣದಷ್ಟು ಚಿಕ್ಕದು, ಕೆಲವೊಮ್ಮೆ ಅದಕ್ಕಿಂತಲೂ ಚಿಕ್ಕದು. ಆದರೆ ವೇಗ ಮಾತ್ರ ಭಯಂಕರ, ಸೆಕೆಂಡಿಗೆ 11ರಿಂದ 72 ಕಿಲೋಮೀಟರ್. ನೆಲದಿಂದ ಸುಮಾರು 80ರಿಂದ 110 ಕಿಲೋಮೀಟರ್ ಎತ್ತರದಲ್ಲಿ ಗಾಳಿ ತೀರಾ ತೆಳು, ಆದರೂ ಈ ವೇಗದಲ್ಲಿ ಬರುವ ಕಣಕ್ಕೆ ಅಷ್ಟು ಗಾಳಿ ಸಾಕು. ಕಣ ಕಾಯ್ದು ಆವಿಯಾಗುತ್ತದೆ. ಹಾಗೆ ಕಿತ್ತುಬಂದ ಪರಮಾಣುಗಳು ಗಾಳಿಯ ಅಣುಗಳಿಗೆ ಬಡಿದು ಎಲೆಕ್ಟ್ರಾನುಗಳು ಸಿಡಿದು ಹೊರಬರುತ್ತವೆ. ಹೀಗೆ ಕಣ ಹೋದ ದಾರಿಯುದ್ದಕ್ಕೂ, ಹತ್ತಾರು ಕಿಲೋಮೀಟರ್ ಉದ್ದಕ್ಕೆ, ಎಲೆಕ್ಟ್ರಾನುಗಳ ಒಂದು ಸಪೂರ ಕೊಳವೆ ಉಳಿಯುತ್ತದೆ. ರೇಡಿಯೋ ಅಲೆಗಳು ಚದುರಿ ವಾಪಸ್ ಬರುವುದು ಈ ಕೊಳವೆಯಿಂದ. ಕಲ್ಲಿನಿಂದಲ್ಲ. ಮರಳಿನ ಕಣವೊಂದನ್ನು 500 ಕಿಲೋಮೀಟರ್ ದೂರದಿಂದ ಹಿಡಿಯಲು ಆಗುವುದು ಇದರಿಂದಲೇ. ಕಣ ಚಿಕ್ಕದು, ಅದು ಬಿಟ್ಟುಹೋದ ಗೆರೆ ದೊಡ್ಡದು.

ಈ ಕನ್ನಡಿಗೆ ಒಂದು ಷರತ್ತಿದೆ. ಮಳೆ ನಿಂತ ಮೇಲೆ ಬಟ್ಟೆ ಒಣಹಾಕುವ ತಂತಿ ಬಿಸಿಲಿಗೆ ಹೊಳೆಯುವುದನ್ನು ನೋಡಿದ್ದೀರಲ್ಲ? ಇಡೀ ತಂತಿ ಹೊಳೆಯುವುದಿಲ್ಲ. ಅದರಲ್ಲಿ ಒಂದು ಕಡೆ ಮಾತ್ರ ಮಿಂಚುತ್ತದೆ, ಎಲ್ಲಿ ಸೂರ್ಯ, ತಂತಿ, ನಿಮ್ಮ ಕಣ್ಣು ಮೂರರ ಕೋನ ಸರಿಯಾಗಿ ಕೂಡುತ್ತದೋ ಅಲ್ಲಿ. ನೀವು ಎರಡು ಹೆಜ್ಜೆ ಸರಿದರೆ ಮಿಂಚೂ ಸರಿಯುತ್ತದೆ. ಉಲ್ಕೆಯ ಗೆರೆಯೂ ಹಾಗೇ. ಟ್ರಾನ್ಸ್‌ಮಿಟರ್, ಗೆರೆ, ನಮ್ಮ ಆಂಟೆನಾ, ಈ ಮೂರರ ಕೋನ ಕೂಡಿದರೆ ಮಾತ್ರ ಪ್ರತಿಧ್ವನಿ ಸಿಗುತ್ತದೆ. ಹಾಗಾಗಿ ತಲೆಯ ಮೇಲೇ ಒಂದು ಉಲ್ಕೆ ಹೊಳೆದುಹೋದರೂ ರೇಡಿಯೋ ಸುಮ್ಮನಿರಬಹುದು. ಅದೇ ಹೊತ್ತಿಗೆ ನಿಮಗೆ ಕಾಣದ, 300 ಕಿಲೋಮೀಟರ್ ಆಚೆಯ ಒಂದು ಚಿಕ್ಕ ಉಲ್ಕೆ ಪಿಂಗ್ ಅನ್ನಬಹುದು. ಕಣ್ಣಿನ ಲೆಕ್ಕವೂ ರೇಡಿಯೋ ಲೆಕ್ಕವೂ ಒಂದೇ ಆಗಿರಬೇಕು ಅಂತ ನಿರೀಕ್ಷೆ ಇಟ್ಟುಕೊಂಡು ಬಂದವರಿಗೆ ಇಲ್ಲೇ ನಿರಾಸೆ ಆಗುವುದು, ಆದ್ದರಿಂದ ಮೊದಲೇ ಹೇಳಿದೆ.

ಎಷ್ಟು ದೂರದ ಟ್ರಾನ್ಸ್‌ಮಿಟರ್ ಬೇಕು? 100 ಕಿಲೋಮೀಟರ್ ಎತ್ತರದ ಒಂದು ಬಿಂದುವಿನಿಂದ ನೋಡಿದರೆ ಭೂಮಿಯ ದಿಗಂತ ಸುಮಾರು 1,130 ಕಿಲೋಮೀಟರ್ ದೂರದಲ್ಲಿರುತ್ತದೆ. ಅಂದರೆ ಉಲ್ಕೆ ನಡುವೆ ಇದ್ದರೆ, ಅದರ ಈ ಬದಿಗೆ ನಾನು, ಆ ಬದಿಗೆ ಟ್ರಾನ್ಸ್‌ಮಿಟರ್, ಇಬ್ಬರ ನಡುವೆ ಸುಮಾರು 2,200 ಕಿಲೋಮೀಟರ್ ಇದ್ದರೂ ಲೆಕ್ಕದ ಪ್ರಕಾರ ಸಾಧ್ಯ. ಅಷ್ಟು ದೂರ ಹೋದರೆ ಸಿಗ್ನಲ್ ದಿಗಂತಕ್ಕೆ ಅಂಟಿಕೊಂಡು ಬರಬೇಕಾಗುತ್ತದೆ, ಮರ, ಗುಡ್ಡ, ಕಟ್ಟಡ ಎಲ್ಲ ಅಡ್ಡ. ಕಡಿಮೆ ಆದರೆ ಟ್ರಾನ್ಸ್‌ಮಿಟರ್ ನೇರವಾಗಿಯೇ ಕೇಳಿಸಿಬಿಡುತ್ತದೆ, ಆಗ ಉಲ್ಕೆಯ ಸಿಗ್ನಲ್ ಅದರಲ್ಲಿ ಮುಳುಗಿಹೋಗುತ್ತದೆ. 500ರಿಂದ 1,500 ಕಿಲೋಮೀಟರ್ ಹದವಾದ ದೂರ.

ಯುರೋಪಿನಲ್ಲಿರುವವರಿಗೆ ಇದರಲ್ಲಿ ಒಂದು ದೊಡ್ಡ ಅನುಕೂಲ ಇದೆ, ಅದರ ಹೆಸರು ಗ್ರಾವ್ಸ್. ಫ್ರಾನ್ಸ್‌ನ ದಿಜೋನ್ ಊರಿನ ಹತ್ತಿರ ಇರುವ ಸೇನೆಯ ರೇಡಾರ್ ಅದು. ಕೆಲಸ ಉಪಗ್ರಹಗಳ ಮೇಲೆ ಕಣ್ಣಿಡುವುದು. 2005ರಿಂದ ನಡೆಯುತ್ತಿದೆ. 143.050 ಮೆಗಾಹರ್ಟ್ಸ್‌ನಲ್ಲಿ, ಹಗಲೂ ರಾತ್ರಿ, ದಕ್ಷಿಣದ ಆಕಾಶದ ಕಡೆಗೆ ಬಲವಾದ ಸಿಗ್ನಲ್ ಕಳುಹಿಸುತ್ತಿರುತ್ತದೆ. ಬಿಟ್ಟು ಬಿಟ್ಟು ಹೊಡೆಯುವ ಮಾಮೂಲಿ ರೇಡಾರ್‌ನ ಹಾಗಲ್ಲ, ಸತತವಾದ ಒಂದೇ ಸ್ವರ. ಅದರ ರಿಸೀವರ್ ಇರುವುದು ಸುಮಾರು 400 ಕಿಲೋಮೀಟರ್ ದಕ್ಷಿಣಕ್ಕೆ. ಉಪಗ್ರಹಕ್ಕೆ ಅಂತ ಕಳುಹಿಸಿದ ಈ ಸಿಗ್ನಲ್ ಉಲ್ಕೆಗಳಿಗೂ ಬಡಿಯುತ್ತದೆ, ಚಂದ್ರನಿಗೂ ಬಡಿಯುತ್ತದೆ. ಇಂಗ್ಲೆಂಡ್, ಜರ್ಮನಿ, ಸ್ಪೇನ್, ನೆದರ್‌ಲ್ಯಾಂಡ್ಸ್ ಎಲ್ಲ ಕಡೆಯ ಹವ್ಯಾಸಿಗಳು ಅದರ ಪ್ರತಿಧ್ವನಿಯನ್ನು ಬಿಟ್ಟಿಯಾಗಿ ಕೇಳುತ್ತಾರೆ. ನಮ್ಮ ಮನೆಯಿಂದ ಅದು ಸುಮಾರು 450 ಕಿಲೋಮೀಟರ್, ನೆಟ್ಟಗೆ ದಕ್ಷಿಣಕ್ಕೆ.

ಇನ್ನೊಂದು ಇದೆ, ಉಲ್ಕೆಗಾಗಿಯೇ ಕಟ್ಟಿದ್ದು. ಬೆಲ್ಜಿಯಂನ ಬ್ರಾಮ್ಸ್. ದೂರ್ಬ್ ಎಂಬ ಊರಿನಿಂದ 49.97 ಮೆಗಾಹರ್ಟ್ಸ್‌ನಲ್ಲಿ ಒಂದು ಸಣ್ಣ ಬೀಕನ್ ಸದಾ ಸಿಗ್ನಲ್ ಕಳುಹಿಸುತ್ತದೆ. ಶಕ್ತಿ ಬರೀ 150 ವ್ಯಾಟ್. ದೇಶದ ತುಂಬ ಹವ್ಯಾಸಿಗಳು, ಶಾಲೆಗಳು, ವೀಕ್ಷಣಾಲಯಗಳು ಇಟ್ಟ ರಿಸೀವರ್‌ಗಳು ಕೇಳಿಸಿಕೊಳ್ಳುತ್ತವೆ. ರೇಡಿಯೋ ಕೊಳ್ಳುವ ಮೊದಲು ಪ್ರತಿಧ್ವನಿ ಹೇಗಿರುತ್ತದೆ ಅಂತ ಕಣ್ಣು ಪಳಗಿಸಿಕೊಳ್ಳಬೇಕು ಅನ್ನುವವರು ಇವರ ರೇಡಿಯೋ ಮೀಟಿಯರ್ ಝೂ ಎಂಬ ಜಾಲತಾಣ ನೋಡಬಹುದು. ಬ್ರಾಮ್ಸ್ ದಾಖಲಿಸಿದ ಚಿತ್ರಗಳಲ್ಲಿ ಉಲ್ಕೆ ಎಲ್ಲಿದೆ ಅಂತ ಗುರುತು ಹಾಕುವುದು ಅಷ್ಟೇ ಕೆಲಸ. ಕಂಪ್ಯೂಟರಿಗೆ ಇದು ಇವತ್ತಿಗೂ ಸುಲಭವಲ್ಲ. ಮನುಷ್ಯರ ಕಣ್ಣಿಗೆ ಒಂದೆರಡು ಗಂಟೆಯಲ್ಲಿ ರೂಢಿಯಾಗುತ್ತದೆ.

ಹಾಗಾದರೆ ಕರ್ನಾಟಕದಲ್ಲಿರುವವರು? ಅಲ್ಲಿ ಗ್ರಾವ್ಸ್ ಇಲ್ಲ. ಹಿಂದೆ ದೂರದರ್ಶನದ ಹಳೇ ಅನಲಾಗ್ ಟ್ರಾನ್ಸ್‌ಮಿಟರ್‌ಗಳು ಇದ್ದಾಗ ಅವು ಒಳ್ಳೆಯ ಆಸರೆ ಆಗಬಹುದಿತ್ತು, ಈಗ ಅವು ಬಹುತೇಕ ನಿಂತುಹೋಗಿವೆ. ಉಳಿದಿರುವುದು ಎಫ್ಎಂ. 88ರಿಂದ 108 ಮೆಗಾಹರ್ಟ್ಸ್ ಒಳಗೆ ದೇಶದ ತುಂಬ ದೊಡ್ಡ ದೊಡ್ಡ ಟ್ರಾನ್ಸ್‌ಮಿಟರ್‌ಗಳಿವೆ, ಅವು ಯಾವ ಹವ್ಯಾಸಿಯನ್ನೂ ಕೇಳದೆ ದಿನವಿಡೀ ಆಕಾಶಕ್ಕೆ ಸಿಗ್ನಲ್ ಸುರಿಯುತ್ತಿವೆ. ನಿಮ್ಮೂರಲ್ಲಿ ಯಾವ ಸ್ಟೇಷನ್ನೂ ಇಲ್ಲದ, ಆದರೆ 800, 1,000 ಕಿಲೋಮೀಟರ್ ದೂರದಲ್ಲಿ ದೊಡ್ಡ ಸ್ಟೇಷನ್ ಇರುವ ಒಂದು ಫ್ರೀಕ್ವೆನ್ಸಿ ಆರಿಸಿಕೊಳ್ಳಿ. ಶಿವಮೊಗ್ಗದಿಂದ ಲೆಕ್ಕ ಹಾಕಿದರೆ ನಾಗಪುರ ಸುಮಾರು 900 ಕಿಲೋಮೀಟರ್, ಕೊಲಂಬೊ ಕೂಡ ಹೆಚ್ಚು ಕಡಿಮೆ ಅಷ್ಟೇ. ಎರಡೂ ಹದವಾದ ದೂರ.

ಬೆಂಗಳೂರಿನ ನಡುವೆ ಇದು ಕಷ್ಟ. 101.3ರಲ್ಲಿ ಕಾಮನಬಿಲ್ಲು, 102.9ರಲ್ಲಿ ವಿವಿಧ ಭಾರತಿ, ಇವುಗಳ ಜೊತೆಗೆ ಖಾಸಗಿ ಸ್ಟೇಷನ್‌ಗಳ ಸಾಲು. ಖಾಲಿ ಅನ್ನಿಸುವ ಜಾಗದಲ್ಲೂ ಪಕ್ಕದ ಬಲವಾದ ಸ್ಟೇಷನ್ ಸೋರಿ ಬರುತ್ತದೆ. ಹಳ್ಳಿಯಲ್ಲಿ, ಮಲೆನಾಡಿನ ಗುಡ್ಡಗಳ ಮರೆಯಲ್ಲಿ, ಎಫ್ಎಂ ಸರಿಯಾಗಿ ಸಿಗುವುದಿಲ್ಲ ಅಂತ ಬೇಸರ ಪಡುತ್ತಾರಲ್ಲ, ಆ ಜಾಗವೇ ಉಲ್ಕೆ ಹಿಡಿಯಲು ಒಳ್ಳೆಯದು. ರಜೆಯಲ್ಲಿ ಊರಿಗೆ ಹೋದಾಗ ನಾನು ಜಗಲಿಯ ಮೇಲೆ ಆಂಟೆನಾ ಕಟ್ಟಿ ಕೂತಿದ್ದೆ. ಹೊರಗೆ ಜೋರು ಮಳೆ. ರೇಡಿಯೋದಲ್ಲಿ ಬರೀ ಸೊಯ್ಯ್ ಅನ್ನುವ ಸದ್ದು. ಇದ್ದಕ್ಕಿದ್ದ ಹಾಗೆ, ಅರ್ಧ ಸೆಕೆಂಡ್, ಸ್ಪಷ್ಟವಾಗಿ ಒಂದು ಹೆಣ್ಣುದನಿಯ ಹಾಡಿನ ತುಣುಕು, ನನಗೆ ಗೊತ್ತಿಲ್ಲದ ಭಾಷೆ. ಮತ್ತೆ ಸೊಯ್ಯ್. ಅಮ್ಮ ಪಕ್ಕದಲ್ಲೇ ಇದ್ದರು, ಏನೋ ಅದು ಅಂದರು. ಮೋಡದ ಆಚೆ ಒಂದು ಚುಕ್ಕಿ ಬಿತ್ತು ಅಂದೆ. ಆ ರಾತ್ರಿ ಅವರೂ ಒಂದು ಗಂಟೆ ಕೂತು ಕೇಳಿದರು.

ಈಗ ಸಾಮಾನು. ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಬೇಕು, ಮೊದಲೇ ಹೇಳಿದ ಪೆನ್‌ಡ್ರೈವ್ ಗಾತ್ರದ ರೇಡಿಯೋ ಅದೇ. ಕಂಪ್ಯೂಟರಿನಲ್ಲಿ ಟಿವಿ ನೋಡಲು ಅಂತ ಮಾಡಿದ್ದ ಸಾಧನ ಅದು, ಒಳಗಿನ ಚಿಪ್ ಕಚ್ಚಾ ರೇಡಿಯೋ ಸಿಗ್ನಲನ್ನು ಹಾಗೇ ಕಂಪ್ಯೂಟರಿಗೆ ಕೊಡಬಲ್ಲದು ಅಂತ ಹವ್ಯಾಸಿಗಳು ಕಂಡುಹಿಡಿದ ಮೇಲೆ ಅದರ ಬದುಕೇ ಬದಲಾಯಿತು. ಭಾರತದಲ್ಲಿ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಕೊಳ್ಳುವಾಗ ಲೋಹದ ಡಬ್ಬಿ ಇರುವುದನ್ನೇ ಕೊಳ್ಳಿ. ಪ್ಲಾಸ್ಟಿಕ್ಕಿನದು ಅಗ್ಗ, ಆದರೆ ಬಿಸಿಯಾದಂತೆ ಫ್ರೀಕ್ವೆನ್ಸಿ ಜಾರುತ್ತದೆ, ಸುತ್ತಲಿನ ಗಲಾಟೆಯನ್ನೂ ಜಾಸ್ತಿ ಎಳೆದುಕೊಳ್ಳುತ್ತದೆ.

ಆಂಟೆನಾ ಮನೆಯಲ್ಲೇ ಮಾಡಬಹುದು. ಡೈಪೋಲ್ ಅಂದರೆ ಎರಡು ತೋಳು ಚಾಚಿದ ಕಡ್ಡಿ ಅಷ್ಟೇ. ಉದ್ದದ ಲೆಕ್ಕ ಸುಲಭ: 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ, ಬಂದದ್ದು ಮೀಟರಿನಲ್ಲಿ ಒಟ್ಟು ಉದ್ದ. ಗ್ರಾವ್ಸ್‌ಗೆ 143.05, ಹಾಗಾಗಿ ಒಂದು ಮೀಟರ್, ಪ್ರತಿ ತೋಳು 50 ಸೆಂಟಿಮೀಟರ್. ಎಫ್ಎಂನ 98 ಮೆಗಾಹರ್ಟ್ಸ್‌ಗೆ 1.46 ಮೀಟರ್, ಪ್ರತಿ ತೋಳು 73 ಸೆಂಟಿಮೀಟರ್. ಅಲ್ಯೂಮಿನಿಯಂ ಕೊಳವೆ ಆಗುತ್ತದೆ, ವೈರಿಂಗಿನ ದಪ್ಪ ತಾಮ್ರದ ತಂತಿಯೂ ಆಗುತ್ತದೆ. ಎರಡು ತೋಳನ್ನೂ ಪಿವಿಸಿ ಪೈಪಿಗೆ ಕಟ್ಟಿ, ನಡುವೆ ಕೇಬಲ್ ಬೆಸುಗೆ ಹಾಕಿ, ನೆಲಕ್ಕೆ ಅಡ್ಡಲಾಗಿ ತೂಗುಬಿಡಿ. ಕೇಬಲ್ ಟಿವಿಯ 75 ಓಮ್ ಕೇಬಲ್ ಸಾಕು. ಮೂರು ಕಡ್ಡಿಯ ಯಾಗಿ ಆಂಟೆನಾ, ಅಂದರೆ ಮೊದಲು ಮನೆ ಮಾಡಿನ ಮೇಲೆ ಇರುತ್ತಿದ್ದ ಟಿವಿ ಆಂಟೆನಾದಂಥದ್ದು, ಇನ್ನೂ ಒಳ್ಳೆಯದು. ಅದನ್ನು ಟ್ರಾನ್ಸ್‌ಮಿಟರ್ ಇರುವ ದಿಕ್ಕಿಗೆ ತಿರುಗಿಸಿ ಸ್ವಲ್ಪ ಮೇಲಕ್ಕೆ ಮುಖ ಮಾಡಿಸಬೇಕು, ಯಾಕೆಂದರೆ ನಾವು ನೋಡಬೇಕಾದ್ದು ಟ್ರಾನ್ಸ್‌ಮಿಟರನ್ನಲ್ಲ, ದಾರಿಯ ನಡುವಿನ ಆಕಾಶವನ್ನು. ಮಳೆಗಾಲದಲ್ಲಿ ಗುಡುಗು ಶುರುವಾಯಿತು ಅಂದರೆ ಕೇಬಲ್ ಕಿತ್ತು ಹೊರಗೆ ಹಾಕಿ. ಇದರಲ್ಲಿ ಸೋಮಾರಿತನ ಬೇಡ.

ತಂತ್ರಾಂಶ ಎಲ್ಲ ಉಚಿತ. ವಿಂಡೋಸ್‌ನಲ್ಲಿ ಎಸ್‌ಡಿಆರ್ ಶಾರ್ಪ್, ಲಿನಕ್ಸ್‌ನಲ್ಲಿ ಜಿಕ್ಯೂಆರ್‌ಎಕ್ಸ್. ದಿನಗಟ್ಟಲೆ ತಾನೇ ಎಣಿಸುತ್ತಾ ಕೂರಲು ಎಕೋಸ್ ಅಥವಾ ಸ್ಪೆಕ್ಟ್ರಮ್ ಲ್ಯಾಬ್. ಗ್ರಾವ್ಸ್ ಕೇಳುವಾಗ ಒಂದು ಚಿಕ್ಕ ಉಪಾಯ ಇದೆ. ಸರಿಯಾಗಿ 143.050ಕ್ಕೆ ಇಡಬೇಡಿ. ಯುಎಸ್‌ಬಿ ಮೋಡ್‌ನಲ್ಲಿ 143.049ಕ್ಕೆ ಇಡಿ, ಅಂದರೆ ಒಂದು ಕಿಲೋಹರ್ಟ್ಸ್ ಕೆಳಗೆ. ಆಗ ಪ್ರತಿಧ್ವನಿ ಬಂದಾಗ ಕಿವಿಗೆ ಹಿತವಾದ ಶಿಳ್ಳೆಯ ಹಾಗೆ ಕೇಳಿಸುತ್ತದೆ. ಈ ಯುಎಸ್‌ಬಿಗೂ ಕಂಪ್ಯೂಟರಿನ ಯುಎಸ್‌ಬಿಗೂ ಸಂಬಂಧವಿಲ್ಲ, ಇದು ರೇಡಿಯೋದ ಒಂದು ಹಳೇ ಪದ್ಧತಿಯ ಹೆಸರು.

ಪರದೆಯ ಮೇಲೆ ವಾಟರ್‌ಫಾಲ್ ಅಂತ ಒಂದು ಚಿತ್ರ ಓಡುತ್ತಿರುತ್ತದೆ. ಅಡ್ಡಕ್ಕೆ ಫ್ರೀಕ್ವೆನ್ಸಿ, ಉದ್ದಕ್ಕೆ ಸಮಯ, ಬಣ್ಣ ಜೋರಾದಷ್ಟೂ ಸಿಗ್ನಲ್ ಜೋರು. ಉಲ್ಕೆ ಬಂದರೆ ನೀಲಿಯ ನಡುವೆ ಫಕ್ಕನೆ ಒಂದು ಹಳದಿ ಚುಕ್ಕೆ ಅಥವಾ ಗೆರೆ. ಬಹುಪಾಲು ಉಲ್ಕೆಗಳು ಚಿಕ್ಕವು, ಅವುಗಳ ಗೆರೆಯಲ್ಲಿ ಎಲೆಕ್ಟ್ರಾನುಗಳು ವಿರಳ. ಸಿಗ್ನಲ್ ಥಟ್ಟನೆ ಏರಿ, ಕಣ್ಣು ಮಿಟುಕಿಸುವಷ್ಟರಲ್ಲಿ ಇಳಿದುಹೋಗುತ್ತದೆ. ಇವನ್ನು ವಿರಳ ಗೆರೆ ಅನ್ನೋಣ. ದೊಡ್ಡ ಉಲ್ಕೆ ಬಂದಾಗ ಗೆರೆಯ ಒಂದೊಂದು ಮೀಟರ್ ಉದ್ದದಲ್ಲೂ ಎಲೆಕ್ಟ್ರಾನುಗಳು ಕಿಕ್ಕಿರಿದಿರುತ್ತವೆ. ಆಗ ಅಲೆ ಗೆರೆಯ ಒಳಗೆ ನುಗ್ಗಲಾಗದೆ ಲೋಹದ ಸರಳಿಗೆ ಬಡಿದ ಹಾಗೆ ವಾಪಸ್ ಬರುತ್ತದೆ. ಇದು ದಟ್ಟ ಗೆರೆ. ಸಿಗ್ನಲ್ ಏರಿ ಅಲ್ಲೇ ನಿಲ್ಲುತ್ತದೆ, ಹಲವು ಸೆಕೆಂಡು, ಕೆಲವೊಮ್ಮೆ ಅರ್ಧ ನಿಮಿಷವೂ ಮೀರುತ್ತದೆ. ಅಷ್ಟು ಹೊತ್ತಿನಲ್ಲಿ ಮೇಲಿನ ಗಾಳಿ ಆ ಗೆರೆಯನ್ನು ಎಳೆದು ಸೊಟ್ಟ ಮಾಡುತ್ತದೆ, ಒಂದೇ ಗೆರೆಯ ಎರಡು ಮೂರು ಕಡೆಯಿಂದ ಪ್ರತಿಧ್ವನಿ ಬಂದು ಒಂದಕ್ಕೊಂದು ತಾಕಿ ದನಿ ನಡುಗುತ್ತದೆ. ಕಿವಿಗೆ ಕೇಳಿದರೆ ಕೊಳಲಿನ ಕಂಪನದ ಹಾಗಿರುತ್ತದೆ.

ದೊಡ್ಡ ಉಲ್ಕೆಗಳಲ್ಲಿ ಇನ್ನೊಂದು ಚೆಂದ ಇದೆ. ಗೆರೆಯ ಪ್ರತಿಧ್ವನಿ ಶುರುವಾಗುವ ಮುಂಚೆ, ಹೆಚ್ಚಿನ ಫ್ರೀಕ್ವೆನ್ಸಿಯಿಂದ ಕಡಿಮೆಗೆ ಜಾರುವ ಒಂದು ಸಪೂರ ಓರೆಗೆರೆ ಕಾಣುತ್ತದೆ. ಅದು ಉಲ್ಕೆಯ ತಲೆ. ಉರಿಯುವ ಕಣದ ಸುತ್ತಲಿನ ಎಲೆಕ್ಟ್ರಾನುಗಳ ಮುದ್ದೆ ಕಣದ ಜೊತೆಗೇ ಓಡುತ್ತಿರುತ್ತದೆ, ಅದರಿಂದ ಬಂದ ಅಲೆಯ ಫ್ರೀಕ್ವೆನ್ಸಿ ಡಾಪ್ಲರ್ ಪರಿಣಾಮದಿಂದ ಸಾವಿರಾರು ಹರ್ಟ್ಸ್ ಮೇಲೆ ಹೋಗಿರುತ್ತದೆ. ಆಂಬುಲೆನ್ಸ್ ನಮ್ಮ ಮುಂದೆ ಹಾದುಹೋಗುವಾಗ ಸೈರನ್ನಿನ ಸ್ವರ ಇಳಿಯುವುದಿಲ್ಲವೇ, ಅದೇ. ಆದರೆ ಇಲ್ಲಿ ಎಲ್ಲ ಮುಗಿಯುವುದು ಅರೆಗಳಿಗೆಯಲ್ಲಿ.

ಫ್ರೀಕ್ವೆನ್ಸಿ ಕಡಿಮೆ ಇದ್ದಷ್ಟೂ ಪ್ರತಿಧ್ವನಿ ಹೆಚ್ಚು ಹೊತ್ತು ಉಳಿಯುತ್ತದೆ ಅನ್ನುವುದು ನೆನಪಿರಲಿ. ವಿರಳ ಗೆರೆ ಅಗಲವಾಗುತ್ತಾ ಹೋಗಿ, ಅದರ ಅಗಲ ಅಲೆಯ ಉದ್ದಕ್ಕೆ ಸಾಟಿಯಾಗುವ ಹೊತ್ತಿಗೆ ಗೆರೆಯ ಈ ಬದಿ ಆ ಬದಿಯಿಂದ ಬರುವ ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಉದ್ದ ಅಲೆಗೆ ಈ ಸ್ಥಿತಿ ತಡವಾಗಿ ಬರುತ್ತದೆ. ಉಳಿಯುವ ಹೊತ್ತು ಅಲೆಯ ಉದ್ದದ ವರ್ಗದಂತೆ ಏರುತ್ತದೆ. ಅದೇ ಗೆರೆಯನ್ನು 143 ಮೆಗಾಹರ್ಟ್ಸ್ ಬದಲು 50ರಲ್ಲಿ ನೋಡಿದರೆ ಸುಮಾರು 8 ಪಟ್ಟು ಹೊತ್ತು, 98ರಲ್ಲಿ ನೋಡಿದರೆ 2 ಪಟ್ಟು. ಎಫ್ಎಂನಲ್ಲಿ ಹಾಡಿನ ಒಂದು ತುಣುಕು ಅರ್ಥವಾಗುವಷ್ಟು ಹೊತ್ತು ಸಿಗುವುದಕ್ಕೆ ಇದೂ ಒಂದು ಕಾರಣ.

ಮೋಸದ ಸಿಗ್ನಲ್‌ಗಳೂ ಬೇಕಾದಷ್ಟಿವೆ. ವಿಮಾನ ಕೂಡ ಕನ್ನಡಿಯೇ, ಆದರೆ ನಿಧಾನ. ಅದರ ಗೆರೆ ನಿಮಿಷಗಟ್ಟಲೆ ಮೆಲ್ಲಗೆ ಬಾಗುತ್ತಾ ಹೋಗುತ್ತದೆ. ಬಾಹ್ಯಾಕಾಶ ನಿಲ್ದಾಣ ಗ್ರಾವ್ಸ್ ಮೇಲೆ ಹಾದುಹೋದರೆ ಕಡಿದಾದ ಓರೆಗೆರೆ. ಸಿಡಿಲು ಹೊಡೆದರೆ ಇಡೀ ಪರದೆಗೆ ಅಡ್ಡಲಾಗಿ ಒಂದು ಗೀಟು, ಎಲ್ಲ ಫ್ರೀಕ್ವೆನ್ಸಿಯಲ್ಲೂ ಒಂದೇ ಸಲ. ಎಫ್ಎಂನಲ್ಲಿ ದೂರದ ಸ್ಟೇಷನ್ ನಿಮಿಷಗಟ್ಟಲೆ, ಗಂಟೆಗಟ್ಟಲೆ ಕೇಳಿಸಿದರೆ ಅದು ಉಲ್ಕೆಯಲ್ಲ. ಒಂದೋ ಅಯಾನುಗೋಳದ, ಅಂದರೆ ಮೇಲಿನ ಗಾಳಿಯಲ್ಲಿ ಎಲೆಕ್ಟ್ರಾನುಗಳು ಬಿಡಿಯಾಗಿ ಓಡಾಡುವ ಭಾಗದ, ಇ ಎಂಬ ಪದರದಲ್ಲಿ ದಟ್ಟ ತುಂಡೊಂದು ಎದ್ದಿದೆ, ಇಲ್ಲವೇ ಕರಾವಳಿಯಲ್ಲಿ ಸಮುದ್ರದ ಮೇಲಿನ ಬೆಚ್ಚಗಿನ ಗಾಳಿಯ ಪದರ ಸಿಗ್ನಲನ್ನು ಕೊಳವೆಯಲ್ಲಿ ಸಾಗಿಸಿದ ಹಾಗೆ ದೂರಕ್ಕೆ ಒಯ್ಯುತ್ತಿದೆ.

ಎಲ್ಲಕ್ಕಿಂತ ಕೆಟ್ಟದ್ದು ಮನೆಯೊಳಗಿನ ಗಲಾಟೆ. ಶುರುವಿನ ವಾರ ನನ್ನ ಲೆಕ್ಕದಲ್ಲಿ ಪ್ರತಿ ಸಂಜೆ ಏಳು ಗಂಟೆಗೆ ಉಲ್ಕೆಗಳು ವಿಪರೀತ ಏರುತ್ತಿದ್ದವು. ಅಷ್ಟು ಕರಾರುವಾಕ್ಕಾಗಿ ಏರಿದ್ದೇ ಅನುಮಾನಕ್ಕೆ ಕಾರಣವಾಯಿತು. ಹುಡುಕುತ್ತಾ ಹೋದರೆ ಅಡುಗೆಮನೆಯ ಎಲ್‌ಇಡಿ ದೀಪದ ಡ್ರೈವರ್. ಫೋನ್ ಚಾರ್ಜರ್, ಸೋಲಾರ್ ಇನ್ವರ್ಟರ್, ಅಗ್ಗದ ಎಲ್‌ಇಡಿ ಬಲ್ಬು, ಇವೆಲ್ಲ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಕೆಲಸ ಮಾಡುವಂಥವು, ಹಾಗಾಗಿ ರೇಡಿಯೋ ಗದ್ದಲ ಎಬ್ಬಿಸುತ್ತವೆ. ಒಂದೊಂದನ್ನೇ ಆರಿಸಿ ನೋಡುವುದೇ ದಾರಿ. ಲ್ಯಾಪ್‌ಟಾಪಿನಿಂದ ಡಾಂಗಲನ್ನು ಒಂದೆರಡು ಮೀಟರ್ ದೂರ ಇಟ್ಟರೂ ತುಂಬ ವ್ಯತ್ಯಾಸವಾಗುತ್ತದೆ. ಊರಿನಲ್ಲಿ ಕರೆಂಟ್ ಹೋದಾಗ ಬ್ಯಾಟರಿ ಮೇಲೆ ಕೇಳಿ ನೋಡಿ. ಆ ನಿಶ್ಶಬ್ದ ಪಟ್ಟಣದವರಿಗೆ ಸಿಗುವಂಥದ್ದಲ್ಲ.

ಈ ವಿದ್ಯೆಯ ಚರಿತ್ರೆಯಲ್ಲಿ ನಮ್ಮ ಕಡೆಯವರೂ ಇದ್ದಾರೆ, ಅದು ಯಾಕೋ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಉಲ್ಕೆಗಳು ರೇಡಿಯೋ ಅಲೆಗಳ ಮೇಲೆ ಪರಿಣಾಮ ಬೀರಬಹುದು ಅಂತ ಮೊದಲು ಬರೆದವರು ಜಪಾನಿನ ಹಂಟಾರೋ ನಾಗಾವೋಕ, 1929ರಲ್ಲಿ. ಅಮೆರಿಕದ ಸ್ಕೆಲೆಟ್ 1930ರ ದಶಕದ ಶುರುವಿನಲ್ಲೇ ಅದನ್ನು ಲಿಯೊನಿಡ್ ಉಲ್ಕಾವರ್ಷದ ವೇಳೆ ಪರೀಕ್ಷಿಸಿದರು. ಅದೇ ದಶಕದಲ್ಲಿ ಕಲ್ಕತ್ತಾದಲ್ಲಿ ಶಿಶಿರ್ ಕುಮಾರ್ ಮಿತ್ರ ಮತ್ತು ಸಂಗಡಿಗರು ಉಲ್ಕಾವರ್ಷದಿಂದ ಅಯಾನುಗೋಳ ಹೇಗೆ ಬದಲಾಗುತ್ತದೆ ಅಂತ ಅಳೆದರು. ಆಮೇಲೆ 1941ರಲ್ಲಿ ಚಮನ್‌ಲಾಲ್ ಮತ್ತು ವೆಂಕಟರಾಮನ್ ಎಂಬ ಇಬ್ಬರು ಶಾರ್ಟ್‌ವೇವ್ ರಿಸೀವರಿನಲ್ಲಿ ಕೇಳಿಸುತ್ತಿದ್ದ ವಿಚಿತ್ರ ಶಿಳ್ಳೆಗಳ ಬೆನ್ನು ಹತ್ತಿದರು. ಟ್ರಾನ್ಸ್‌ಮಿಟರಿನ ಸ್ವರದ ಜೊತೆಗೆ ಕ್ಷಣಕಾಲ ಒಂದು ಶಿಳ್ಳೆ ಎದ್ದು ಇಳಿದುಹೋಗುತ್ತಿತ್ತು. ಓಡುವ ಉಲ್ಕೆಯಿಂದ ಬಂದ ಡಾಪ್ಲರ್ ಪ್ರತಿಧ್ವನಿ ನೇರ ಸಿಗ್ನಲ್ ಜೊತೆ ಬೆರೆತು ಆ ಶಿಳ್ಳೆ ಹುಟ್ಟುತ್ತದೆ ಅಂತ ಅವರು ವಿವರಿಸಿದರು. ಆ ಲೇಖನ ಅಚ್ಚಾದದ್ದು ಬೆಂಗಳೂರಿನ 'ಎಲೆಕ್ಟ್ರೋಟೆಕ್ನಿಕ್ಸ್' ಪತ್ರಿಕೆಯಲ್ಲಿ. ಉಲ್ಕೆಗಳ ರೇಡಿಯೋ ಅಧ್ಯಯನದ ಚರಿತ್ರೆ ಬರೆದವರು ಇವತ್ತಿಗೂ ಅದನ್ನು ಹೆಸರಿಸುತ್ತಾರೆ. ನಾನು ಅಟ್ಟದಲ್ಲಿ ಕೂತು ತಲೆಯ ಪ್ರತಿಧ್ವನಿ ಜಾರುವುದನ್ನು ನೋಡುವಾಗಲೆಲ್ಲ ಈ ಇಬ್ಬರನ್ನು ನೆನೆಯುತ್ತೇನೆ. ಅವರ ಬಳಿ ಪರದೆ ಇರಲಿಲ್ಲ, ಕಿವಿ ಮಾತ್ರ ಇತ್ತು.

ಎರಡನೇ ಮಹಾಯುದ್ಧದ ಕೊನೆಯಲ್ಲಿ ಬ್ರಿಟಿಷ್ ರೇಡಾರ್‌ಗಳು ಜರ್ಮನಿಯ ವಿ-2 ರಾಕೆಟ್‌ಗಳನ್ನು ಹುಡುಕುತ್ತಿದ್ದಾಗ ರಾಕೆಟ್ ಇಲ್ಲದಿದ್ದರೂ ಪ್ರತಿಧ್ವನಿ ಬರುತ್ತಿತ್ತು. ಅವು ಉಲ್ಕೆಗಳು ಅಂತ ಆಮೇಲೆ ಖಚಿತವಾಯಿತು. 1945ರ ಡಿಸೆಂಬರಿನಲ್ಲಿ ಬರ್ನಾರ್ಡ್ ಲೊವೆಲ್ ಸೇನೆ ಬಿಟ್ಟ ರೇಡಾರ್ ಒಂದನ್ನು ಮ್ಯಾಂಚೆಸ್ಟರ್ ಹತ್ತಿರದ ಜೋಡ್ರೆಲ್ ಬ್ಯಾಂಕ್ ಎಂಬ ಹೊಲಕ್ಕೆ ತಂದಿಟ್ಟರು. ಅವರು ಹುಡುಕುತ್ತಿದ್ದದ್ದು ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣ, ಸಿಕ್ಕಿದ್ದು ಉಲ್ಕೆ. 1947ರಲ್ಲಿ ಅಲ್ಲಿ ಒಂದು ದೊಡ್ಡ ವಿಷಯ ಹೊರಬಿತ್ತು. ಬೇಸಿಗೆಯ ಹಗಲಿನಲ್ಲಿ, ಸೂರ್ಯ ಬೆಳಗುತ್ತಿರುವಾಗ, ದೊಡ್ಡ ದೊಡ್ಡ ಉಲ್ಕಾವರ್ಷಗಳು ಆಗುತ್ತವೆ. ಮನುಷ್ಯರು ಅವನ್ನು ನೋಡಿಯೇ ಇರಲಿಲ್ಲ, ನೋಡಲು ಸಾಧ್ಯವೂ ಇರಲಿಲ್ಲ. ಜೂನ್ 7ರ ಸುಮಾರಿಗೆ ಬರುವ ಏರಿಯೆಟಿಡ್ಸ್ ಅವುಗಳಲ್ಲಿ ಮುಖ್ಯವಾದದ್ದು. ನನಗೆ ಕೇಳಿದರೆ ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲು ಇದೊಂದೇ ಕಾರಣ ಸಾಕು. ಬೆಳಗ್ಗೆ ಕಾಫಿ ಕುಡಿಯುತ್ತಾ ಕಿಟಕಿ ಆಚೆ ನೀಲಿ ಆಕಾಶ ನೋಡುತ್ತೇವೆ, ಪಕ್ಕದಲ್ಲಿ ಪಿಂಗ್ ಪಿಂಗ್ ಅನ್ನುತ್ತಿರುತ್ತದೆ.

ಉಲ್ಕಾವರ್ಷ ಇಲ್ಲದ ದಿನಗಳಲ್ಲೂ ಉಲ್ಕೆಗಳು ಬೀಳುತ್ತಲೇ ಇರುತ್ತವೆ. ಈ ಬಿಡಿ ಉಲ್ಕೆಗಳನ್ನು ಗಂಟೆ ಗಂಟೆಗೆ ಎಣಿಸಿ ಒಂದು ವಾರದ ಲೆಕ್ಕ ಹಾಕಿದರೆ ಒಂದು ಅಲೆ ಕಾಣುತ್ತದೆ: ಬೆಳಗಿನ ಆರು ಗಂಟೆ ಸುಮಾರಿಗೆ ಅತಿ ಹೆಚ್ಚು, ಸಂಜೆ ಆರರ ಸುಮಾರಿಗೆ ಅತಿ ಕಡಿಮೆ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ. ಮುಸ್ಸಂಜೆಯಲ್ಲಿ ಗದ್ದೆ ಬಯಲಿನ ರಸ್ತೆಯಲ್ಲಿ ಬೈಕ್ ಓಡಿಸುವಾಗ ಹುಳಗಳೆಲ್ಲ ಮುಖಕ್ಕೆ ಬಡಿಯುತ್ತವೆ, ಬೆನ್ನಿಗೆ ಬಡಿಯುವುದು ಅಪರೂಪ, ಅಲ್ವಾ? ಬೆಳಗಿನ ಜಾವ ನಾವು ಭೂಮಿಯ ಮುಖದ ಕಡೆ ಇರುತ್ತೇವೆ, ಸಂಜೆ ಬೆನ್ನಿನ ಕಡೆ. ಭೂಮಿ ಓಡುತ್ತಿದೆ ಅಂತ ಶಾಲೆಯಲ್ಲಿ ಓದಿದ್ದು ಬೇರೆ, ನಮ್ಮದೇ ಅಟ್ಟದ ಆಂಟೆನಾ ಏಳು ದಿನ ಒಂದೇ ಅಲೆಯನ್ನು ಬರೆದು ತೋರಿಸುವುದು ಬೇರೆ. ನಿಮ್ಮ ಲೆಕ್ಕದಲ್ಲಿ ಈ ಅಲೆ ಕಾಣದಿದ್ದರೆ ನೀವು ಎಣಿಸುತ್ತಿರುವುದು ಉಲ್ಕೆಯಲ್ಲ, ವಿಮಾನವನ್ನೋ ಚಾರ್ಜರನ್ನೋ. ನಾನು ಹೊಸಬರಿಗೆ ಮೊದಲು ಹೇಳುವ ಪರೀಕ್ಷೆ ಇದು.

ಹೀಗೆ ಎಣಿಸಿದ್ದರಿಂದ ಪ್ರಯೋಜನ ಇದೆಯಾ ಅಂತ ಕೇಳುತ್ತಾರೆ. ಇದೆ. 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ಶುರುವಾದ ಆರ್‌ಎಂಒಬಿ ಎಂಬ ಜಾಲ ಲೋಕದ ಹವ್ಯಾಸಿಗಳ ಗಂಟೆವಾರು ಲೆಕ್ಕವನ್ನು ತಿಂಗಳು ತಿಂಗಳೂ ಒಟ್ಟುಗೂಡಿಸುತ್ತದೆ. ಒಂದು ಉಲ್ಕಾವರ್ಷದ ಶಿಖರ ಯುರೋಪಿನ ಹಗಲಿನಲ್ಲೋ ಅಮೆರಿಕದ ಮೋಡದಲ್ಲೋ ಆದರೆ ಕಣ್ಣಿನ ವೀಕ್ಷಕರಿಗೆ ಅದು ತಪ್ಪಿಹೋಗುತ್ತದೆ. ರೇಡಿಯೋ ಲೆಕ್ಕ ಆ ಖಾಲಿ ಜಾಗವನ್ನು ತುಂಬುತ್ತದೆ. ದೊಡ್ಡ ವಿಜ್ಞಾನವೂ ಇದೇ ತತ್ವದ ಮೇಲೆ ನಡೆಯುತ್ತದೆ. ತಿರುವನಂತಪುರದ ತುಂಬಾದಲ್ಲಿ ಉಲ್ಕಾ ರೇಡಾರ್ ಇದೆ. ಅದು ಉಲ್ಕೆಯ ಗೆರೆಗಳು ಗಾಳಿಗೆ ಸರಿಯುವುದನ್ನು ಅಳೆದು, 80ರಿಂದ 100 ಕಿಲೋಮೀಟರ್ ಎತ್ತರದ ಗಾಳಿಯ ವೇಗ, ದಿಕ್ಕು ತಿಳಿಸುತ್ತದೆ. ಬಲೂನು ಅಷ್ಟು ಎತ್ತರ ಹೋಗುವುದಿಲ್ಲ, ಉಪಗ್ರಹ ಅಷ್ಟು ಕೆಳಗೆ ಉಳಿಯುವುದಿಲ್ಲ. ಉಲ್ಕೆಯೇ ಅಲ್ಲಿಯ ಗಾಳಿಪಟ. ಅಮೆರಿಕದ ಪಶ್ಚಿಮದ ಬೆಟ್ಟಗಳಲ್ಲಿ ಬಿದ್ದ ಹಿಮದ ಅಳತೆಯನ್ನು ಸ್ನೋಟೆಲ್ ಎಂಬ ವ್ಯವಸ್ಥೆ 1970ರ ದಶಕದಿಂದ ಬಹಳ ಕಾಲ ಉಲ್ಕೆಯ ಗೆರೆಗಳಿಂದ ಪುಟಿಸಿ ಕಳುಹಿಸುತ್ತಿತ್ತು. ಫೋನಿಲ್ಲದ ಬೆಟ್ಟದಲ್ಲಿ ಉಪಕರಣ ಕಾಯುತ್ತಾ ಕೂತಿರುತ್ತಿತ್ತು, ಉಲ್ಕೆ ಬಿದ್ದ ಕ್ಷಣದಲ್ಲಿ ಸಂದೇಶ ದಾಟಿಸುತ್ತಿತ್ತು. ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ, ಲೈಸೆನ್ಸ್ ಇದ್ದವರು ಇವತ್ತಿಗೂ 50 ಮತ್ತು 144 ಮೆಗಾಹರ್ಟ್ಸ್‌ನಲ್ಲಿ ಹೀಗೆ ಮಾತಾಡಿಕೊಳ್ಳುತ್ತಾರೆ.

ಶುರು ಮಾಡಲು ಭಾರತದಲ್ಲಿರುವವರಿಗೆ ನನ್ನ ಸಲಹೆ ಡಿಸೆಂಬರ್. 13, 14ರ ಸುಮಾರಿಗೆ ಜೆಮಿನಿಡ್ಸ್ ಶಿಖರಕ್ಕೆ ಬರುತ್ತದೆ. ವೇಗ ಸೆಕೆಂಡಿಗೆ 35 ಕಿಲೋಮೀಟರ್, ಪರ್ಸೀಡ್‌ನ 59ಕ್ಕೆ ಹೋಲಿಸಿದರೆ ನಿಧಾನ, ಆದರೆ ಸಂಖ್ಯೆ ಜಾಸ್ತಿ. ಆಕಾಶವೂ ಆಗ ತಿಳಿಯಾಗಿರುತ್ತದೆ. ಮನೆಯಲ್ಲಿ ಒಬ್ಬರು ಅಂಗಳದಲ್ಲಿ ಚಾಪೆ ಹಾಸಿ ಮಲಗಿ ನೋಡಲಿ, ಇನ್ನೊಬ್ಬರು ರೇಡಿಯೋ ಕೇಳಲಿ, ಕಂಡದ್ದಕ್ಕೂ ಕೇಳಿದ್ದಕ್ಕೂ ಸಮಯ ಬರೆದಿಡಿ. ಎರಡೂ ಒಂದೇ ಸೆಕೆಂಡಿನಲ್ಲಿ ಕೂಡಿಬರುವುದು ಅಪರೂಪ. ಮೇಲೆ ಹೇಳಿದ ತಂತಿಯ ಕೋನದ ಲೆಕ್ಕವೇ ಕಾರಣ. ಕೂಡಿಬಂದಾಗ ಮಾತ್ರ ಇಬ್ಬರೂ ಒಟ್ಟಿಗೇ ಕೂಗುತ್ತೀರಿ. ಆಂಟೆನಾವನ್ನು 13ರ ರಾತ್ರಿ ಏರಿಸಬೇಡಿ. ಡಿಸೆಂಬರ್ 1ಕ್ಕೇ ಕಟ್ಟಿ, ರೆಕಾರ್ಡಿಂಗ್ ಶುರು ಮಾಡಿ. ಮಾಮೂಲಿ ಹತ್ತು ದಿನಗಳ ಲೆಕ್ಕ ಕೈಯಲ್ಲಿ ಇಲ್ಲದಿದ್ದರೆ ಆ ಎರಡು ರಾತ್ರಿ ಎಷ್ಟು ಪಟ್ಟು ಏರಿತು ಅಂತ ಹೇಳಲು ಆಗುವುದಿಲ್ಲ.